ಹೆಸರು ಓದುವ ಕೆಲಸ

ಪ್ರವಾಹವೆಂದರೆ ಟಿವಿಯಲ್ಲಿ ಬರುವ ಸಂಗತಿ ಎಂದುಕೊಂಡೇ ಬೆಳೆದವಳು ನಾನು. ಜಗಳೂರು ಸೀಮೆಯವಳು. ನಮ್ಮೂರಲ್ಲಿ ಮಳೆ ಬಂದರೆ ಜನ ಹೊರಗೆ ಬಂದು ನಿಂತು ನೋಡುತ್ತಾರೆ, ಒಳಗೆ ಓಡುವುದಿಲ್ಲ. ಆ ವರ್ಷ ತುಂಗಭದ್ರೆ ದಂಡೆ ಮೀರಿ ಹೊನ್ನಾಳಿ ಸುತ್ತಿನ ಹಳ್ಳಿಗಳಿಗೆ ನುಗ್ಗಿದ ಸುದ್ದಿ ಕೇಳಿದಾಗಲೂ, ಆ ನೀರು ನನ್ನ ಕೆಲಸಕ್ಕೆ ಬಂದು ಮುಟ್ಟುತ್ತದೆಂದು ನನಗೆ ಹೊಳೆಯಲಿಲ್ಲ.

ನನ್ನದು ಗುತ್ತಿಗೆ ಕೆಲಸ. ಸರ್ಕಾರಿ ಕಚೇರಿಗಳ ಹಳೆಯ ಕಡತ, ರಿಜಿಸ್ಟರುಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸುವುದು. ಬೆಂಕಿ ಬಿದ್ದರೆ, ನೀರು ನುಗ್ಗಿದರೆ, ಗೆದ್ದಲು ಹಿಡಿದರೆ ಕಾಗದ ಹೋಗಿಬಿಡುತ್ತದೆ. ಹೋದರೂ ಅದರ ನಕಲು ಬೇರೆಲ್ಲೋ ಉಳಿದಿರಲಿ ಎಂಬುದು ಉದ್ದೇಶ. ಚನ್ನಗಿರಿಯಲ್ಲಿ ಮುಗಿಸಿದ್ದೆವು, ನ್ಯಾಮತಿಯಲ್ಲಿ ಮುಗಿಸಿದ್ದೆವು. ಹಾಳೆ ಇಡು, ಗುಂಡಿ ಒತ್ತು, ಹಾಳೆ ತಿರುವು. ಮೇಲ್ವಿಚಾರಕರು ಮೊದಲ ದಿನವೇ ಹೇಳಿದ್ದರು: “ಓದಾಕೆ ಹೋಗಬ್ಯಾಡ್ರಮ್ಮ. ಓದಿದ್ರೆ ಕೆಲಸ ಸಾಗಲ್ಲ.” ನಾನೂ ಓದಲಿಲ್ಲ. ಎಷ್ಟೋ ಊರುಗಳ ಜಮೀನು, ಜಗಳ, ಹುಟ್ಟು, ಸಾವು ನನ್ನ ಕೈಕೆಳಗೆ ಹಾದುಹೋದವು. ಕೈಗೆ ಧೂಳು ಹತ್ತಿದ್ದು ಬಿಟ್ಟರೆ ಇನ್ನೇನೂ ಹತ್ತಲಿಲ್ಲ.

ನನ್ನ ಜೊತೆಗೆ ಕೆಲಸ ಮಾಡುತ್ತಿದ್ದವಳು ಉಬ್ರಾಣಿಯವಳು. ನನಗಿಂತ ಹದಿನೈದು ವರ್ಷಕ್ಕೆ ಹಿರಿಯಳು. ಹೊಲಿಗೆ ಬಿಟ್ಟು ಕಂಪ್ಯೂಟರ್ ಕಲಿತು ಬಂದವಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಮಾತು ಕಡಿಮೆ, ಆಡಿದರೆ ಒರಟು. ಆದರೆ ಊಟದ ಡಬ್ಬಿ ತೆರೆದರೆ ಮೊದಲ ರೊಟ್ಟಿ ನನ್ನ ಕೈಗೇ ಬರುತ್ತಿತ್ತು.

ನ್ಯಾಮತಿ ಆದ ಮೇಲೆ ನಮ್ಮ ಮುಂದಿನ ಜಾಗ ಹೊಳೆದಂಡೆಯ ಒಂದು ಹಳ್ಳಿಯ ನಾಡಕಚೇರಿ. ಊರಿನ ಹೆಸರು ಇಲ್ಲಿ ಬೇಡ. ನಾವು ಹೋಗಬೇಕಾದದ್ದು ಆ ತಿಂಗಳ ಕೊನೆಗೆ. ನಮಗಿಂತ ಮೊದಲು ಹೊಳೆ ಹೋಗಿತ್ತು.

ಬಸ್ಸು ಇಳಿದು, ರಸ್ತೆ ಕೊಚ್ಚಿಹೋದ ಕಡೆ ಟ್ರ್ಯಾಕ್ಟರ್ ಹತ್ತಿ ಅಲ್ಲಿ ಇಳಿದಾಗ ಮೊದಲು ಮೂಗಿಗೆ ಬಡಿದದ್ದು ವಾಸನೆ. ಕೆಸರಿನದಲ್ಲ, ಅದರ ಕೆಳಗಿನದು. ನೆಂದ ಕಾಗದ, ನೆಂದ ರಟ್ಟು, ಹಳೆಯ ಅಂಟು ಎಲ್ಲ ಸೇರಿದ ಒಂಥರಾ ಹುಳಿ ವಾಸನೆ. ದಾಖಲೆ ಕೋಣೆಯ ಗೋಡೆಯ ಮೇಲೆ ನೀರು ನಿಂತ ಗೆರೆ ನನ್ನ ಸೊಂಟದಷ್ಟು ಎತ್ತರಕ್ಕಿತ್ತು. ಮೇಲಿನ ಕಪಾಟುಗಳಲ್ಲಿದ್ದ ಜಮೀನು ಪತ್ರಗಳು ಒಣಗೇ ಇದ್ದವು. ಅವುಗಳಿಗೆ ಜನ ದಿನಾ ಬರುತ್ತಾರೆ, ಅದಕ್ಕೇ ಕೈಗೆ ಸಿಗುವ ಎತ್ತರದಲ್ಲಿಟ್ಟಿದ್ದರು. ಕೆಳಗಿನ ಕಪಾಟಿನಲ್ಲಿದ್ದದ್ದು ಮರಣ ರಿಜಿಸ್ಟರುಗಳು, ಹಿಂದಿನ ಐವತ್ತು ಅರವತ್ತು ವರ್ಷಗಳವು.

ಉಪ ತಹಶೀಲ್ದಾರರು ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ನಿಂತಿದ್ದರು. “ನೋಡ್ರಮ್ಮ, ಕರೆಂಟ್ ಇಲ್ಲ. ನಿಮ್ಮ ಮಿಷಿನ್ ನಡಿಯಲ್ಲ. ಇವು ಇನ್ನೆರಡು ಮೂರು ದಿನ ಹಿಂಗೇ ಇದ್ರೆ ಬೂಷ್ಟು ಹಿಡೀತಾವೆ. ಏನಾದ್ರೂ ಮಾಡಾಕಾಗತ್ತಾ?”

ಫೋನಿನಲ್ಲಿ ಫೋಟೋ ತೆಗೆದು ನೋಡಿದೆವು. ಇಂಕಿನ ನೀಲಿ ಹರಡಿ, ಈಚೆ ಪುಟದ ಮೇಲೆ ಆಚೆ ಪುಟ ಮೂಡಿ, ಫೋಟೋದಲ್ಲಿ ಬರಿ ಕಲೆ ಕಾಣುತ್ತಿತ್ತು. ಆದರೆ ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ಪೆನ್ನು ಒತ್ತಿದ ಗುರುತು ಕಣ್ಣಿಗೆ ಸಿಗುತ್ತಿತ್ತು. ಕ್ಯಾಮೆರಾಕ್ಕೆ ಸಿಗದ್ದು ಕಣ್ಣಿಗೆ ಸಿಗುತ್ತದೆಂದರೆ ದಾರಿ ಒಂದೇ. ಒಬ್ಬರು ಓದಬೇಕು, ಇನ್ನೊಬ್ಬರು ಟೈಪ್ ಮಾಡಬೇಕು. ಲ್ಯಾಪ್‌ಟಾಪನ್ನು ಪಕ್ಕದ ಅಕ್ಕಿ ಗಿರಣಿಯ ಜನರೇಟರಿನಲ್ಲಿ ಚಾರ್ಜ್ ಮಾಡಿಕೊಳ್ಳಬಹುದಿತ್ತು. ಅಕ್ಕನಿಗೆ ಟೈಪಿಂಗ್ ಚುರುಕು, ನನ್ನ ಕಣ್ಣು ಚುರುಕು. ನಾನು ಓದುವವಳಾದೆ.

ಆಗ ನನಗೆ ಮೂರು ತಿಂಗಳು. ಗಂಡನಿಗೆ, ಅಮ್ಮನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮನೆಗೆ ಕಳಿಸುತ್ತಾರೆಂಬ ಅಳುಕು. ಮರಣ ರಿಜಿಸ್ಟರ್ ಓದುತ್ತೇನೆಂದು ಫೋನಿನಲ್ಲಿ ಅಮ್ಮನಿಗೂ ಹೇಳಲಿಲ್ಲ. ನಮ್ಮದು ಬೌದ್ಧರ ಮನೆ. ಅಪ್ಪ ದೀಕ್ಷೆ ತಗೊಂಡ ಮೇಲೆ ಮನೆಯಲ್ಲಿ ದೆವ್ವ, ಶಕುನ, ಗಾಳಿ ಸೋಕುವುದು ಇವೆಲ್ಲ ನಿಂತುಹೋಗಿದ್ದವು. “ಸತ್ತೋರು ಬರಲ್ಲ ಮಗಳೆ, ಬರಾದು ನಮ್ಮ ಭಯ ಅಷ್ಟೆ” ಎನ್ನುತ್ತಿದ್ದ. ಅಪ್ಪ ಹೇಳಿದ್ದನ್ನು ನಾನು ನಂಬಿದ್ದೆ. ನಂಬಿಕೆ ತಲೆಯಲ್ಲಿರುತ್ತದೆ. ಹೊಟ್ಟೆಯಲ್ಲಿ ಒಂದು ಜೀವ ಇಟ್ಟುಕೊಂಡಾಗ ತಲೆಯ ಮಾತು ಅಷ್ಟಾಗಿ ನಡೆಯುವುದಿಲ್ಲವೆಂದು ನನಗಿನ್ನೂ ಗೊತ್ತಿರಲಿಲ್ಲ.

ಒಳಗೆ ಕತ್ತಲು, ಉಸಿರು ಕಟ್ಟುವ ವಾಸನೆ. ಹಾಗಾಗಿ ಕಚೇರಿಯ ಜಗಲಿಯಲ್ಲಿ ಕುಳಿತೆವು. ಚಪ್ಪಟೆ ಬಿದಿರು ಕಡ್ಡಿಯಿಂದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ, ನಡುವೆ ದಿನಪತ್ರಿಕೆ ಇಟ್ಟು ಬೆಂಚಿನ ಮೇಲೆ ಹರಡಿದೆ. ಅಕ್ಕ ಗೋಡೆಗೆ ಒರಗಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡಳು. ಅವಳಿಗೆ ಕೇಳಿಸಬೇಕಾದರೆ ನಾನು ಗಟ್ಟಿಯಾಗಿ ಓದಬೇಕಿತ್ತು. ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ಕಾರಣ.

ನಾವು ಯೋಚಿಸದೆ ಇದ್ದದ್ದು ಒಂದೇ. ಅದೇ ಜಗಲಿಯಲ್ಲಿ ಮನೆ ಬಿದ್ದವರು ಪರಿಹಾರದ ಅರ್ಜಿ ಹಿಡಿದು ಸಾಲು ನಿಂತಿದ್ದರು. ಅವರೆಲ್ಲ ಕಾಯುತ್ತಿದ್ದುದೇ ತಮ್ಮ ಹೆಸರು ಯಾವಾಗ ಕೂಗುತ್ತಾರೆ ಎಂದು.

ನಾನು ಓದಲು ಶುರುಮಾಡಿ ಹತ್ತು ಹೆಸರು ಆಗಿರಲಿಲ್ಲ, ಸಾಲಿನಿಂದ ಒಬ್ಬ ಹುಡುಗ ತಟ್ಟನೆ ಕೈಯೆತ್ತಿ, “ಹ್ಞಾಂ, ಇಲ್ಲೇ ಅದೀನ್ರಿ, ಬಂದೆ ಬಂದೆ” ಎಂದು ಜನರನ್ನು ಸರಿಸಿಕೊಂಡು ಮುಂದೆ ಬಂದ. ನನ್ನ ಕೈಯಲ್ಲಿದ್ದ ಹಾಳೆ ನೋಡಿದ. ನಾನು ಮತ್ತೆ ಓದಿದೆ, ಈ ಸಲ ಸಣ್ಣ ದನಿಯಲ್ಲಿ. ಅದೇ ಹೆಸರು, ಅದೇ ಮನೆತನ, ವಯಸ್ಸು ಅರವತ್ತೆಂಟು, ಕಾರಣ ಎದೆನೋವು.

“ಅದು ನಮ್ಮ ತಾತ ರೀ” ಎಂದ ಹುಡುಗ. “ಅವನ ಹೆಸ್ರೇ ನಂಗಿಟ್ಟಿದ್ದು.”

ಸಾಲಿನವರು ನಕ್ಕರು. ಒಬ್ಬ ಮುದುಕ, “ನಿಮ್ ತಾತ ಬಂದಿದ್ರೆ ಅವಂಗೂ ಒಂದು ಅರ್ಜಿ ಹಾಕಿಸ್ಬೋದಿತ್ತು” ಎಂದ. ಇನ್ನಷ್ಟು ನಕ್ಕರು. ಆಮೇಲೆ ನಗು ತಾನಾಗಿಯೇ ನಿಂತಿತು. ನಾನು ಮುಂದಿನ ಸಾಲು ಓದಿದಾಗ ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು.

ಅಲ್ಲಿಂದ ಅದು ಬೇರೆಯೇ ಕೆಲಸವಾಯಿತು. ಒಂದು ಹೆಸರು ಓದಿದರೆ ಎಲ್ಲೋ ಒಬ್ಬರು ‘ಹ್ಞೂಂ’ ಎನ್ನುತ್ತಿದ್ದರು. “ನಮ್ಮ ಸೋದರತ್ತೆ ಅದು.” “ಹಾವು ಕಚ್ಚಿದ್ದಲ್ಲವ್ವ, ಹಂಗೆ ಬರಸಿದ್ರು ಅಷ್ಟೆ.” ಕೆಲವರು ಚಪ್ಪಲಿ ಬಿಟ್ಟು ಜಗಲಿಯ ಕಂಬಕ್ಕೆ ಒರಗಿ ಕುಳಿತರು. ಅರ್ಜಿ ಕೊಟ್ಟು ಮುಗಿದವರೂ ಎದ್ದು ಹೋಗಲಿಲ್ಲ. ಮನೆಯೊಳಗಿನ ಕೆಸರು ಎತ್ತುತ್ತಿದ್ದ ಹೆಂಗಸರು ಸಲಿಕೆ ಹಿಡಿದುಕೊಂಡೇ ಬಂದು ನಿಂತರು. ಮರುದಿನ ಬಂದಾಗ ನಮಗಿಂತ ಮೊದಲೇ ಬಂದು ಕುಳಿತವರಿದ್ದರು.

ಎಲ್ಲರಿಗೂ ಅದು ಸರಿ ಬರಲಿಲ್ಲ. ಕಚೇರಿಯ ಜವಾನ ನಮ್ಮ ಹತ್ತಿರ ಬರುವುದನ್ನೇ ಬಿಟ್ಟ. ನೀರಿನ ಕೊಡ ತಂದರೆ ದೂರದಲ್ಲಿಟ್ಟು ಹೋಗುತ್ತಿದ್ದ. ಒಬ್ಬಳು ಅಜ್ಜಿ ನೇರವಾಗಿಯೇ ಬೈದಳು. “ಮಣ್ಣಾಗಿ ಹೋದೋರನ್ನ ಹಿಂಗೆ ಒಬ್ಬೊಬ್ಬರ್ನೇ ಕರೀತೀರಲ್ಲ, ಎಲ್ಲಿ ಕೂರಸ್ತೀರಿ ಅವರ್ನ? ಇದ್ದೋರಿಗೇ ಗೋಡೆ ಇಲ್ಲ ಇಲ್ಲಿ.” ಬೈದವಳು ಹೋಗಲಿಲ್ಲ. ತನ್ನ ಗಂಡ ಸತ್ತ ವರ್ಷದ ಪುಸ್ತಕ ಯಾವಾಗ ಬರುತ್ತದೆಂದು ಕೇಳಿಕೊಂಡು ಕುಳಿತಳು.

ಮೂರನೆಯ ದಿನದ ಹೊತ್ತಿಗೆ ನನ್ನ ದನಿ ಒಡೆದಿತ್ತು. ಹೊನ್ನಾಳಿಯಲ್ಲಿ ನಾವು ಹಿಡಿದಿದ್ದ ಕೋಣೆಗೆ ಬಂದು ಮುಖ ತೊಳೆಯುವಾಗ, ನೀರಿನ ಸದ್ದಿನಲ್ಲಿ ಹೆಸರುಗಳು ಸಾಲಾಗಿ ಬರುತ್ತಿದ್ದವು. ನಾನು ಕರೆದದ್ದಲ್ಲ, ಅವೇ. ತಂದೆಯ ಹೆಸರಿನೊಂದಿಗೆ, ವಯಸ್ಸಿನೊಂದಿಗೆ. ಯಾರೋ ಹಿಂದೆ ನಿಂತು ನನಗೇ ಓದಿ ಹೇಳುವಂತೆ. ಗಂಡನಿಗೆ ಫೋನ್ ಮಾಡಿದರೆ ಅವನ ಹೆಸರಿನವರು ಆ ದಿನ ಎಷ್ಟು ಜನ ಸಿಕ್ಕಿದ್ದರೆಂಬುದು ನೆನಪಾಗಿ, ಹೆಸರು ಹಿಡಿಯದೆ ‘ರೀ’ ಎಂದಷ್ಟೇ ಕರೆದು ಮಾತು ಮುಗಿಸುತ್ತಿದ್ದೆ.

ಆ ಮೂರನೆಯ ದಿನ ಓದಲು ತೆಗೆದ ರಿಜಿಸ್ಟರಿನಲ್ಲಿ ಕೂಸುಗಳು ಹೆಚ್ಚು. ಅಲ್ಲಿ ಹೆಸರಿನ ಜಾಗದಲ್ಲಿ ಒಂದು ಅಡ್ಡಗೆರೆ ಇರುತ್ತಿತ್ತು, ಅಥವಾ ‘ಹೆಸರಿಲ್ಲ’ ಎಂದು. ಗಂಡು ಶಿಶು, ಹೆಣ್ಣು ಶಿಶು, ತಾಯಿಯ ಹೆಸರು, ಎಷ್ಟು ದಿನ ಇತ್ತು. ನಾನು ಹಾಗೆಯೇ ಓದಿದೆ. “ಹೆಸರಿಲ್ಲ. ಹೆಣ್ಣು ಶಿಶು.” ಅಕ್ಕ ಟೈಪ್ ಮಾಡಿದಳು. “ಹೆಸರಿಲ್ಲ. ಗಂಡು ಶಿಶು.” ಜಗಲಿಯಲ್ಲಿ ಆ ಬೆಳಿಗ್ಗೆ ಯಾರೂ ಹ್ಞೂಂಗುಟ್ಟಲಿಲ್ಲ.

ಮಧ್ಯಾಹ್ನ ನಾವು ಡಬ್ಬಿ ತೆರೆದಾಗ ಒಬ್ಬ ಹೆಂಗಸು ಬಂದು ಎದುರಿಗೆ ಕುಕ್ಕುರುಗಾಲಿನಲ್ಲಿ ಕುಳಿತಳು. ಐವತ್ತರ ಆಸುಪಾಸು. ಸೀರೆಯ ಅಂಚು ಕೆಸರಿಗೆ ಗಟ್ಟಿಯಾಗಿತ್ತು. ಅವಳ ಮನೆಯ ಎರಡು ಗೋಡೆ ಬಿದ್ದಿದ್ದವು, ಶಾಲೆಯ ಗಂಜಿ ಕೇಂದ್ರದಲ್ಲಿದ್ದಳು. ಎರಡು ದಿನದಿಂದ ಸಾಲಿನಲ್ಲಿ ನೋಡಿದ್ದೆ.

“ಬೆಳಿಗ್ಗೆ ನೀ ಓದಿದ್ದರಾಗೆ ತಾಯಿ ಹೆಸ್ರು ನಂದು” ಎಂದಳು.

ನಾವು ರೊಟ್ಟಿ ಕೈಯಲ್ಲೇ ಹಿಡಿದು ಕೂತೆವು.

“ಹೆಸರಿಲ್ಲ ಅಂದೆ. ಅದಕ್ಕೆ ಹೆಸರಿತ್ತು.”

ಅಕ್ಕ ಮೆಲ್ಲಗೆ ಹೇಳಿದಳು: “ತೊಟ್ಟಿಲಿಗೆ ಹಾಕಿ ಹೆಸ್ರಿಟ್ಟಿದ್ರೇನಮ್ಮ? ಬರಸಾಕೆ ಮರ್ತಿರ್ತಾರೆ.”

“ತೊಟ್ಟಿಲ ದಿನದ ತನಕ ಎಲ್ಲಿ ಉಳೀತು? ಅವರಿಗೆಲ್ಲ ಹೆಸರಿರಲಿಲ್ಲ. ನಂಗಿತ್ತು. ಹಾಲು ಕುಡ್ಸೋವಾಗ ಕರೀತಿದ್ದೆ. ನನ್ ಗಂಡಂಗೂ ಹೇಳಿರ್ಲಿಲ್ಲ. ಅವನೂ ಹೋದ.” ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಅದನ್ನ ಬರ್ಕಳ್ರಿ.”

ಅಕ್ಕ ತಲೆ ಅಲ್ಲಾಡಿಸಿದಳು. “ಆಗಲ್ಲಮ್ಮ. ಪುಸ್ತಕದಾಗೆ ಹೆಂಗೈತೋ ಹಂಗೇ ಹೊಡೀಬೇಕು ನಾವು. ಒಂದಕ್ಷರ ನಾವಾಗಿ ಸೇರಸಂಗಿಲ್ಲ. ಸಾಹೇಬ್ರಿಗೂ ಆ ಅಧಿಕಾರ ಇಲ್ಲ.”

ಅದು ನಿಜವಾಗಿತ್ತು. ಒಬ್ಬರಿಗೆ ಸೇರಿಸಿದರೆ ದಾಖಲೆ ಎಂಬುದಕ್ಕೆ ಅರ್ಥವೇ ಉಳಿಯುವುದಿಲ್ಲ. ಆ ಹೆಂಗಸು ಅದಕ್ಕೆ ಎದುರಾಡಲಿಲ್ಲ.

“ಬರೀಬ್ಯಾಡ್ರಿ ಹಂಗಾದ್ರೆ. ಓದ್ರಿ ಸಾಕು. ಎಲ್ಲರ ಹೆಸ್ರೂ ಕೂಗಿ ಓದಿದ್ರಿ, ಊರೇ ಕೇಳ್ತು. ನನ್ ಕೂಸಿಂದು ಬಂದಾಗ ಹೆಸರಿಲ್ಲ ಅಂದ್ರಿ. ಅದನ್ನೂ ಊರೇ ಕೇಳ್ತು.”

ಓದುತ್ತೇನೆ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಆ ಹುಳಿ ವಾಸನೆ ಒಂದೇ ಸಲ ಬಂದು, ಹೊಟ್ಟೆ ತೊಳೆಸಿ, ಜಗಲಿಯ ತುದಿಗೆ ಓಡಿದೆ. ಬೆಳಿಗ್ಗೆ ತಿಂದದ್ದೆಲ್ಲ ಹೊರಗೆ ಬಂತು. ತಿರುಗಿದಾಗ ಆ ಹೆಂಗಸು ನನ್ನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಳು. ನನ್ನ ಮುಖ ನೋಡಿದಳು, ಕತ್ತು ನೋಡಿದಳು, ಕಣ್ಣಿನ ಕೆಳಗೆ ನೋಡಿದಳು.

“ಎಷ್ಟು ತಿಂಗಳು?”

ನಾನು ಮೂರು ಬೆರಳೆತ್ತಿದೆ.

“ಅಯ್ಯೋ ನನ್ ತಾಯಿ” ಎಂದು ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು, ಸುಟ್ಟುಕೊಂಡವರಂತೆ. “ಹೊಟ್ಟೇಲಿ ಇಟ್ಕಂಡು ಇದನ್ನ ಓದ್ತಾ ಕುಂತೀಯಾ? ಬ್ಯಾಡ. ನೀ ಬ್ಯಾಡವ್ವ. ನನ್ ಕೂಸಿನ ಹೆಸ್ರು ನಿನ್ ಬಾಯಾಗೆ ಬ್ಯಾಡವೇ ಬ್ಯಾಡ.”

ಅಕ್ಕನಿಗೆ ಗೊತ್ತಾದದ್ದು ಹೀಗೆ. ಅವಳು ಅಷ್ಟು ಸಿಟ್ಟಾದದ್ದನ್ನು ನಾನು ಹಿಂದೆ ಕಂಡಿರಲಿಲ್ಲ. “ಮೂರು ದಿನ! ಮೂರು ದಿನ ನನ್ ಎದುರಿಗೆ ಕುಂತು ಸತ್ತೋರನ್ನ ಓದಿದ್ದೀಯ, ಒಂದು ಮಾತು ಹೇಳಾಕಾಗಲಿಲ್ಲೇನೆ ನಿಂಗೆ?” ಕೆಲಸ ಹೋಗುತ್ತದೆಂಬ ಭಯವಿತ್ತು ಎಂದೆ. “ಕೆಲ್ಸ!” ಎಂದಳು. ಲ್ಯಾಪ್‌ಟಾಪ್ ತಂದು ನನ್ನ ತೊಡೆಯ ಮೇಲಿಟ್ಟಳು, ತಾನು ಬೆಂಚಿನ ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡಳು. ಜಾಗ ಬದಲಾಯಿತು.

ಅಪ್ಪ ಇದ್ದಿದ್ದರೆ ಇದಕ್ಕೆಲ್ಲ ನಗುತ್ತಿದ್ದ. ನಾನು ನಗಲಿಲ್ಲ. ಲ್ಯಾಪ್‌ಟಾಪಿನ ಬಿಸಿ ತೊಡೆಗೆ ತಾಕಿದಾಗ, ಓದುವುದು ತಪ್ಪಿತಲ್ಲ ಎಂದು ಒಂದು ನಿಟ್ಟುಸಿರು ಬಂತು. ಅದು ಬಂದದ್ದು ನನಗೇ ಆಶ್ಚರ್ಯ.

ಅಕ್ಕನ ಕಣ್ಣು ನನ್ನಷ್ಟು ಚುರುಕಲ್ಲ. ನಿಧಾನವಾಗಿ, ತಡವರಿಸಿ ಓದುತ್ತಿದ್ದಳು. ಅವಳು ಮೊದಲು ಮಾಡಿದ್ದು, ಬೆಳಿಗ್ಗೆ ಮುಗಿಸಿದ್ದ ಆ ಹಾಳೆಯನ್ನು ಮತ್ತೆ ತೆಗೆದದ್ದು. “ಆ ಸಾಲು ಸರೀಗೆ ಬಂದಿಲ್ಲ, ಇನ್ನೊಂದ್ಸಲ ಹೊಡಿ” ಎಂದಳು, ಜಗಲಿಗೆಲ್ಲ ಕೇಳುವಂತೆ. ಆಮೇಲೆ ಹೆಂಗಸಿನ ಕಡೆ ಬಗ್ಗಿದಳು. ಆ ಹೆಂಗಸು ಅಕ್ಕನ ಕಿವಿಯಲ್ಲಿ ಹೆಸರು ಹೇಳಿದಳು.

ಅಕ್ಕ ನೆಟ್ಟಗೆ ನಿಂತು ಓದಿದಳು. ಮೊದಲು ಹೆಸರು. ಆಮೇಲೆ ಹೆಣ್ಣು ಶಿಶು. ಆಮೇಲೆ ತಾಯಿಯ ಹೆಸರು.

ನನ್ನ ಬೆರಳು ಕೀಲಿಗಳ ಮೇಲಿದ್ದವು. ಕಿವಿಗೆ ಹೆಸರು ಬಿತ್ತು. ಬೆರಳು ‘ಹೆಸರಿಲ್ಲ’ ಎಂದು ಟೈಪ್ ಮಾಡಿದವು.

ಸಾಲಿನಲ್ಲಿ ಯಾರೋ “ಹ್ಞೂಂ” ಎಂದರು. ಗಂಡಸಿನ ದನಿ. ಯಾರೆಂದು ನಾನು ನೋಡಲಿಲ್ಲ. ಆ ಹೆಂಗಸು ಅಳಲೂ ಇಲ್ಲ, ಕೈಮುಗಿಯಲೂ ಇಲ್ಲ. ಎದ್ದು ಹೋಗಿ ಸಾಲಿನಲ್ಲಿ ತನ್ನ ಜಾಗದಲ್ಲಿ ನಿಂತುಕೊಂಡಳು.

ಸ್ವಲ್ಪ ಹೊತ್ತಿಗೆ ಸಲಿಕೆ ಹಿಡಿದ ಒಬ್ಬಳು ಅಕ್ಕನ ಹತ್ತಿರ ಬಂದಳು. “ನಂದೂ ಒಂದೈತೆ. ಗಂಡು. ಅದೇ ಪುಸ್ತಕದಾಗೆ ಇರ್ಬೇಕು ನೋಡಕ್ಕ.” ಅವಳ ಹಿಂದೆ ಇನ್ನೊಬ್ಬಳು. ಗಂಡನ ವರ್ಷದ ಪುಸ್ತಕಕ್ಕೆ ಕಾಯುತ್ತಿದ್ದ ಆ ಬೈಗುಳದ ಅಜ್ಜಿಯೂ ಬಂದಳು. ಅವಳದು ಎರಡು. ಒಂದರ ಹೆಸರು ನೆನಪಿತ್ತು, ಇನ್ನೊಂದರದು ಬಾಯಿಗೆ ಬರಲಿಲ್ಲ. ಅಜ್ಜಿ ಕಂಬ ಹಿಡಿದು ನಿಂತು ನೆನಪು ಮಾಡಿಕೊಂಡಳು, ಬಹಳ ಹೊತ್ತು. “ತಡಿಯವ್ವ, ಬರತ್ತೆ. ನಾಲಿಗೆ ಮೇಲೇ ಐತೆ” ಎನ್ನುತ್ತಿದ್ದಳು. ಬರಲಿಲ್ಲ. ಅದೊಂದನ್ನು ಅಕ್ಕ ಇದ್ದ ಹಾಗೇ ಓದಿದಳು.

ಉಪ ತಹಶೀಲ್ದಾರರು ಬಾಗಿಲಲ್ಲಿ ಬಂದು ನಿಂತರು. ಕಂಪ್ಯೂಟರಿನ ಪರದೆ ನೋಡಿದರು, ಅಕ್ಕನ ಬಾಯಿ ನೋಡಿದರು. ಎರಡಕ್ಕೂ ತಾಳೆಯಿಲ್ಲವೆಂಬುದು ಅವರಿಗೆ ತಿಳಿಯದೆ ಇರಲಿಲ್ಲ. “ದಾಖಲೆ ಸರಿ ಐತಲ್ಲ?” ಎಂದು ನನ್ನನ್ನು ಕೇಳಿದರು. “ಪುಸ್ತಕದಲ್ಲಿದ್ದಂಗೇ ಐತೆ ಸಾರ್” ಎಂದೆ. “ಹ್ಞಾಂ” ಎಂದು ಒಳಗೆ ಹೋದರು.

ಆ ವಾರದ ಕೊನೆಗೆ ಕರೆಂಟ್ ಬಂತು. ಓದಲು ಉಳಿದಿದ್ದ ಹಾಳೆಗಳೂ ಮುಗಿದಿದ್ದವು. ಕೆಲವು ಪುಟಗಳು ಗಂಜಿಯಾಗಿ ಹೋಗಿ ಏನೂ ಸಿಗಲಿಲ್ಲ, ಅಲ್ಲಿ ‘ಓದಲಾಗದು’ ಎಂದು ಬರೆದೆವು. ಒಣಗಿದ ರಿಜಿಸ್ಟರುಗಳನ್ನು ಹೊಸ ಬಟ್ಟೆಯಲ್ಲಿ ಕಟ್ಟಿ ಮೇಲಿನ ಕಪಾಟಿಗೆ ಏರಿಸಿದರು. ನಾವು ಟೈಪ್ ಮಾಡಿದ್ದು ದಾವಣಗೆರೆಗೂ ಬೆಂಗಳೂರಿಗೂ ಹೋಯಿತು. ಇನ್ನು ಆ ಊರಿಗೆ ಎಂಥ ನೀರು ಬಂದರೂ ಆ ಹೆಸರುಗಳಿಗೆ ಏನೂ ಆಗುವುದಿಲ್ಲ. ಹೆಸರಿಲ್ಲದವರಿಗೂ.

ಅಕ್ಕ ಮೇಲ್ವಿಚಾರಕರ ಹತ್ತಿರ ಜಗಳವಾಡಿ ನನ್ನನ್ನು ಜಗಳೂರಿನ ಒಣ ಕಡತಗಳಿಗೆ ಹಾಕಿಸಿದಳು. ಊರಿಗೆ ಬಸ್ಸಿನಲ್ಲಿ ಬರುವಾಗ ಕಿಟಕಿಯಾಚೆ ಅಂಗಡಿಗಳ ಬೋರ್ಡುಗಳಿದ್ದವು. ಕಿರಾಣಿ ಅಂಗಡಿಯವನ ಹೆಸರು ಓದಿದೆ, ಹಿಂದೆಯೇ ರಿಜಿಸ್ಟರಿನ ಸಾಲು ತಾನಾಗಿ ಬಂತು: ಐವತ್ತೊಂದು, ಜ್ವರ. ಗೊಬ್ಬರದ ಅಂಗಡಿ, ಇಪ್ಪತ್ತಾರು, ನೀರಿಗೆ ಬಿದ್ದು. ಕಣ್ಣು ಮುಚ್ಚಿಕೊಂಡೆ. ಬೋರ್ಡು ಓದದೆ ಬಸ್ಸಿನಲ್ಲಿ ಕೂರುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು. ಮನೆಯಲ್ಲಿ ಎಲ್ಲ ಹೇಳಿದಾಗ ಅಮ್ಮ ಬೈಯಲಿಲ್ಲ. ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ವಂದನೆ ಮುಗಿಯುವ ತನಕ ನನ್ನ ಕೈ ಬಿಡಲಿಲ್ಲ.

ಹೆರಿಗೆ ದಾವಣಗೆರೆಯ ಆಸ್ಪತ್ರೆಯಲ್ಲಾಯಿತು. ಹೆಣ್ಣು ಮಗು. ಚೆನ್ನಾಗಿ ಅತ್ತಳು, ಚೆನ್ನಾಗಿ ಕುಡಿದಳು. ಮನೆಗೆ ಕಳಿಸುವ ದಿನ ಜನನ ನೋಂದಣಿಯ ಕಿಟಕಿಯಲ್ಲಿದ್ದವನು ಗಂಡನ ಹೆಸರು, ನನ್ನ ಹೆಸರು ಬರೆದುಕೊಂಡು, “ಮಗೂಗೆ ಹೆಸ್ರಿನ್ನೂ ಇಟ್ಟಿರಲ್ಲ, ಖಾಲಿ ಬಿಡ್ತೀನಿ. ಆಮೇಲೆ ಸೇರಿಸ್ಬೋದು” ಎಂದ. ಎಲ್ಲರೂ ಹಾಗೇ ಮಾಡುತ್ತಾರೆ. ತೊಟ್ಟಿಲ ಶಾಸ್ತ್ರಕ್ಕೆ ಇನ್ನೂ ದಿನವಿತ್ತು.

“ಖಾಲಿ ಬಿಡಬ್ಯಾಡ್ರಿ” ಎಂದೆ. ನನ್ನ ದನಿ ಕೇಳಿ ಹಿಂದೆ ನಿಂತವರು ತಿರುಗಿ ನೋಡಿದರು.

ಗಂಡ ಫೋನಿನಲ್ಲಿ ಹೆಸರುಗಳನ್ನು ಹುಡುಕಿಟ್ಟಿದ್ದ. ಒಂದೊಂದಾಗಿ ಹೇಳಿದ. ಹಳೆಯ ಹೆಸರು ಹೇಳಿದರೆ ನನಗೆ ವಯಸ್ಸೂ ಕಾರಣವೂ ಕೇಳಿಸುತ್ತಿದ್ದವು. ಒಂದು ಬಾಣಂತಿ ಸನ್ನಿಯದು, ಒಂದು ಬೆಂಕಿಯದು. ಹೊಸ ಹೆಸರುಗಳು ಆ ರಿಜಿಸ್ಟರಿನಲ್ಲಿ ಇರಲಿಲ್ಲ. ಆದರೂ ಅವು ಮನಸ್ಸಿಗೆ ಹತ್ತಲಿಲ್ಲ. ಅವನ್ನು ಇಟ್ಟುಕೊಂಡು ಯಾರಾದರೂ ಮುದುಕಿಯಾದದ್ದನ್ನು ನಾನು ಓದಿರಲಿಲ್ಲ.

ಕಿಟಕಿಯವನು ಪೆನ್ನು ಮೇಜಿಗೆ ಕುಟ್ಟುತ್ತಿದ್ದ. ನಾನು ಒಂದು ಹೆಸರು ಹೇಳಿದೆ. ತೊಂಬತ್ತೊಂದು ವರ್ಷ ಬದುಕಿದ ಒಬ್ಬಾಕೆಯದು, ಕಾರಣ ವೃದ್ಧಾಪ್ಯ. ಆ ಸಾಲು ಓದಿದಾಗ ಜಗಲಿಯಲ್ಲಿದ್ದವರೆಲ್ಲ ಒಟ್ಟಿಗೆ ಮಾತಾಡಿದ್ದರು. ಆಕೆ ಹಲ್ಲಿಲ್ಲದೆ ಕಡಲೆ ತಿನ್ನುತ್ತಿದ್ದಳಂತೆ, ಮೊಮ್ಮಕ್ಕಳ ಮಕ್ಕಳಿಗೂ ಬೈಯುತ್ತಿದ್ದಳಂತೆ.

ಅವನು ಬರೆದ. ಒತ್ತಕ್ಷರ ಬಿಟ್ಟಿದ್ದ. ನಾನು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಹೇಳಿ ತಿದ್ದಿಸಿದೆ.

“ಇದೆಂಥ ಮುದುಕಿ ಹೆಸರೇ ಇಟ್ಟಿದ್ದು ನನ್ ಮೊಮ್ಮಗಳಿಗೆ?” ಎಂದು ನನ್ನ ಅತ್ತೆ ಇಂದಿಗೂ ಗೊಣಗುತ್ತಾರೆ. ಶಾಲೆಗೆ ಸೇರಿದಾಗ ಮಕ್ಕಳು ನಕ್ಕಾರು ಎಂದು ಅವರ ಚಿಂತೆ. ಇರಲಿ, ಮುದುಕಿಯದೇ ಇರಲಿ ಎಂದು ನಾನು ಮಗಳನ್ನು ಆ ಹೆಸರು ಹಿಡಿದೇ ಗಟ್ಟಿಯಾಗಿ ಕರೆಯುತ್ತೇನೆ.